ಖಾರ ತಾಗದ ಕೈ

ಪುಷ್ಪಲತಾ ಮಾತಿಲ್ಲದೆ ತೊಟ್ಟು ಮುರಿಯುತ್ತಿದ್ದಳು.

ಎಡಗೈಯಲ್ಲಿ ಒಣಮೆಣಸಿನಕಾಯಿ, ಬಲಗೈ ಹೆಬ್ಬೆರಳು ತೊಟ್ಟಿನ ಬುಡಕ್ಕೆ, ಒಂದು ಒತ್ತು. ಕಾಯಿ ಮುಂದಕ್ಕೆ, ತೊಟ್ಟು ಪಕ್ಕಕ್ಕೆ. ನೋಡುವಾಗ ಸುಲಭ. ಬೆಳಿಗ್ಗೆಯಿಂದ ಕೂತರೂ ಅವಳ ಮುಂದಿನ ರಾಶಿ ಒಂದು ಮೊರದಷ್ಟೂ ಆಗಿರಲಿಲ್ಲ. ಪಕ್ಕದಲ್ಲಿ ಕೂತ ಸಿಮ್ರಾನಳ ರಾಶಿ ಆಗಲೇ ಮೊಣಕಾಲು ಮುಟ್ಟಿತ್ತು.

ಬ್ಯಾಡಗಿಯ ಹಾಲಸಿದ್ದಪ್ಪನವರ ಗೋದಾಮಿನಲ್ಲಿ ಚಹಾದ ಹೊತ್ತಿನವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಘಾಟು ಗಂಟಲಿಗೆ ಇಳಿಯುತ್ತದೆ. ಹೆಂಗಸರೆಲ್ಲ ಮೂಗಿನ ಮೇಲೆ ಬಟ್ಟೆ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದರು. ಚಟ್, ಚಟ್ ಎಂಬ ಸದ್ದು ಮಾತ್ರ.

ತಮ್ಮ ಸಾಲಿನಲ್ಲಿ ಹಾವೇರಿಯ ಪತ್ತೇದಾರಿಣಿ ಕೂತಿದ್ದಾಳೆಂದು ಅಲ್ಲಿ ಗೊತ್ತಿದ್ದದ್ದು ಸಿಮ್ರಾನಳೊಬ್ಬಳಿಗೇ. ಉಳಿದವರ ಪಾಲಿಗೆ ಅವಳು ಸಿಮ್ರಾನಳ ಹಾವೇರಿ ಅಕ್ಕ. ತಾನು ಕೇಳದ, ಕಾಣದ ಸ್ಕೂಟರ್ ಸಾಲವೊಂದು ತನ್ನ ಕ್ರೆಡಿಟ್ ವರದಿಯಲ್ಲಿ ಇರುವುದನ್ನು ನೋಡಿ, ಹೋದ ವಾರ ಪುಷ್ಪಲತಾಳ ಬಾಗಿಲು ಬಡಿದವಳು ಅವಳೇ.

ಎಲ್ಲೋ ಫೋನು ಹಾಡಿತು.

ಯಾರ ಕೈಯೂ ನಿಲ್ಲಲಿಲ್ಲ. ಬಾಗಿಲ ಬಳಿ ಚಹಾದ ಒಲೆ ಇತ್ತು, ಒಲೆಯ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯ ತುಂಬ ಫೋನುಗಳು. ಚಹಾ ಮಾಡುವ ಸುಶೀಲವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಫೋನು ಎತ್ತಿದಳು. ಹೆಂಗಸರ ಸಾಲು ದಾಟಿ ಬಂದು ಮೀನಾಕ್ಷಿಯ ಕಿವಿಗೆ ಅದನ್ನು ಹಿಡಿದಳು. ಮೀನಾಕ್ಷಿ ತೊಟ್ಟು ಮುರಿಯುತ್ತಲೇ ಇದ್ದಳು.

“ಕೀಲಿ ಗೂಡಿನ್ಯಾಗ ಐತಿ,” ಎಂದಳು ಮೀನಾಕ್ಷಿ ಬಟ್ಟೆಯೊಳಗಿನಿಂದ. “ಗೂಡು ಅಂದ್ರ ಗೂಡು. ಮದಿವ್ಯಾಗಿ ಎಂಟ ವರ್ಷ ಆತು, ನಿನ್ನ ಮನಿ ಗೂಡ ನಾ ತೋರಸ್ಬೇಕೇನ?”

ಕೆಮ್ಮು ಬಂತು. ಸುಶೀಲವ್ವ ಫೋನು ಒರೆಸಿ ಬುಟ್ಟಿಗೆ ಹಾಕಿದಳು. ಅಷ್ಟರಲ್ಲಿ ಇನ್ನೊಂದು ಮಿನುಗಿತು. ಅವಳು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಮೂಲೆಯಲ್ಲಿದ್ದ ಮುದುಕಿಗೆ ಕೇಳುವಂತೆ ಕೂಗಿದಳು.

“ಫಕ್ಕೀರವ್ವಾ, ಗ್ಯಾಸಿನಾವ ನಿಮ್ಮ ಮನಿಮುಂದ ನಿಂತಾನಂತ. ನಂಬರ ಬಂದೈತಿ. ಹೇಳ್ಲೇನು?”

“ಹೇಳಬೇ.”

ಸುಶೀಲವ್ವ ಗ್ಯಾಸಿನವನಿಗೆ ತಾನೇ ಫೋನು ಹಚ್ಚಿ, ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಹೇಳಿದಳು. ಫಕ್ಕೀರವ್ವ ತಲೆ ಎತ್ತಿ ಸಹ ನೋಡಲಿಲ್ಲ.

ಪುಷ್ಪಲತಾಳ ಹೆಬ್ಬೆರಳು ತೊಟ್ಟಿನ ಮೇಲೆ ಹಾಗೇ ನಿಂತಿತು.

ಅವಳು ಸಿಮ್ರಾನಳ ಕಡೆ ವಾಲಿದಳು. “ನಿನ್ನ ಫೋನ್ ಯಾರೂ ಮುಟ್ಟೂದಿಲ್ಲ ಅಂದಿದ್ದೆಲ್ಲಾ?”

“ಖರೇನ ಯಾರೂ ಮುಟ್ಟೂದಿಲ್ರಿ,” ಎಂದಳು ಸಿಮ್ರಾನ ಪಿಸುದನಿಯಲ್ಲಿ.

“ಮತ್ತ ಆ ಬುಟ್ಟಿ?”

“ಅದು ಸುಶೀಲಚಿಗವ್ವ ಅಲ್ರಿ, ನಮ್ಮ ಅಮ್ಮಿ ಗೆಳತಿ? ಅದನ್ಯಾಕ ಮುಟ್ಟೂದು ಅಂತೀರಿ?”

ಇಲ್ಲಿಯ ರೀತಿಯೇ ಅದು. ಎಷ್ಟು ಸಲ ತೊಳೆದರೂ ಕೈಯ ಖಾರ ಸಂಜೆಯವರೆಗೆ ಹೋಗುವುದಿಲ್ಲ. ಆ ಕೈಯಲ್ಲಿ ಮುಟ್ಟಿದ ಫೋನು ಕೆನ್ನೆಗೆ ತಾಗಿದರೆ ಕೆನ್ನೆ ಉರಿ. ಮನೆಯಲ್ಲಿ ಮಗು ಅದನ್ನು ಹಿಡಿದು ಕಣ್ಣುಜ್ಜಿಕೊಂಡರೆ ಇಡೀ ಓಣಿಗೆ ಕೇಳುವಂಥ ಅಳು. ಅದಕ್ಕೇ ಬೆಳಿಗ್ಗೆ ಬಂದವರು ಫೋನನ್ನು ಬುಟ್ಟಿಗೆ ಹಾಕುತ್ತಾರೆ. ಖಾರ ತಾಗದ ಕೈಯವಳು ಒಬ್ಬಳು ಅದನ್ನು ನೋಡಿಕೊಳ್ಳುತ್ತಾಳೆ.

ಸ್ಕೂಟರ್ ಸಾಲಕ್ಕೆ ಬೇಕಾದ ಓಟಿಪಿ ಬಂದದ್ದು ಸಿಮ್ರಾನಳ ಫೋನಿಗೇ. ನಿನ್ನೆ ರಾಣೆಬೆನ್ನೂರಿನ ಶೋರೂಮಿನಲ್ಲಿ ಪುಷ್ಪಲತಾ ಅದರ ದಾಖಲೆಯನ್ನು ಕಣ್ಣಾರೆ ನೋಡಿ ಬಂದಿದ್ದಳು. ಕೆಲಸದ ದಿನ, ಕೆಲಸದ ಹೊತ್ತು. ಆಗ ಸಿಮ್ರಾನಳ ಎರಡೂ ಕೈ ಮೆಣಸಿನಕಾಯಿಯಲ್ಲಿದ್ದವು.

* * *

ಚಹಾಕ್ಕೆ ಎಲ್ಲರೂ ಹೊರಗೆ ಬಂದು ಬೇವಿನ ನೆರಳಲ್ಲಿ ಕೂತರು. ಮೂಗಿನ ಬಟ್ಟೆ ಬಿಚ್ಚಿದ್ದೇ ತಡ, ಬೆಳಿಗ್ಗೆಯಿಂದ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೇ ಹೊರಬಿತ್ತು.

ಪುಷ್ಪಲತಾ ಕೊಬ್ಬರಿ ಎಣ್ಣೆ ಹಚ್ಚಿ, ಸಾಬೂನು ಹಚ್ಚಿ, ಮತ್ತೆ ಎಣ್ಣೆ ಹಚ್ಚಿ ಕೈ ತೊಳೆದಳು. ಬೆರಳು ಉರಿಯುತ್ತಲೇ ಇತ್ತು. ಆದರೂ ತನ್ನ ಫೋನು ತೆಗೆದು ಬೆರಳಿನ ಗೆಣ್ಣಿನಿಂದ ಒತ್ತತೊಡಗಿದಳು.

“ಸಿಮ್ರಾನಾ, ನಿಮ್ಮ ಹಾವೇರಿ ಅಕ್ಕ ಫೋನಿನ ಬಾಗ್ಲಾ ಬಡ್ಯಾಕತ್ತಾಳ ನೋಡು,” ಎಂದಳು ಮೀನಾಕ್ಷಿ.

“ನನ್ನ ಸ್ಕೋರ್ ನೋಡಾಕತ್ತೇನಿ,” ಎಂದಳು ಪುಷ್ಪಲತಾ. “ಕ್ರೆಡಿಟ್ ಸ್ಕೋರು.”

ಫಕ್ಕೀರವ್ವ ಕೈ ಬೀಸಿದಳು.

“ಬ್ಯಾಡವಾ ಬ್ಯಾಡ! ನೋಡಿದ್ರ ಇಳೀತದ.”

“ಯಾರ ಹೇಳಿದ್ರು?”

“ಎಲ್ಲಾರಿಗೂ ಗೊತ್ತೈತಿ. ದೃಷ್ಟಿ ಹತ್ತಿದಂಗ. ಒಮ್ಮಿ ನೋಡಿದ್ರ ಹತ್ತ ಅಂಕಾ ಹೋಗ್ತಾವಂತ. ಸಂಘದಾಗ ಸಾಲಾ ಹುಟ್ಟೂದಿಲ್ಲ ಆಮ್ಯಾಲ.”

ಪುಷ್ಪಲತಾ ಪರದೆಯನ್ನು ಅವರ ಕಡೆ ತಿರುಗಿಸಿದಳು. “ಹೋದ ಸೋಮವಾರ ನೋಡಿದಾಗ ಏಳ್ನೂರಾ ಅರವತ್ತೊಂದಿತ್ತು. ನಿನ್ನೆ ನೋಡೇನಿ, ಅಷ್ಟ ಇತ್ತು. ಈಗ ನೋಡ್ರಿ.”

ಏಳುನೂರ ಅರವತ್ತೊಂದೇ ಇತ್ತು. ಮೀನಾಕ್ಷಿ ಮೂಗು ಪರದೆಗೆ ತಾಗುವಂತೆ ಬಗ್ಗಿ ಓದಿದಳು.

“ನಮ್ಮದನ್ನ ನಾವ ನೋಡ್ಕೊಂಡ್ರ ಒಂದ ಅಂಕಾನೂ ಇಳಿಯೂದಿಲ್ಲ,” ಎಂದಳು ಪುಷ್ಪಲತಾ. “ಸಾಲಾ ಕೇಳಾಕ ಹೋದಾಗ ಬ್ಯಾಂಕಿನವ್ರು ತಗದ ನೋಡ್ತಾರಲ್ಲ, ಅದು ಬ್ಯಾರೆ. ಒಂದ ವಾರದಾಗ ನಾಕ ಕಡೆ ಸಾಲಾ ಕೇಳಿದ್ರ ಸ್ವಲ್ಪ ಬೀಳ್ತದ. ನಾವ ನೋಡೂದಕ್ಕ ಏನೂ ಇಲ್ಲ. ವರ್ಷಕ್ಕೊಮ್ಮಿ ಪೂರಾ ವರದೀನ ಪುಕ್ಕಟ ಕೊಡ್ತಾರ.”

“ಪುಕ್ಕಟ?” ಮೀನಾಕ್ಷಿಯ ಹುಬ್ಬು ಮೇಲೇರಿತು. “ಹಂಗಾರ ನಂದ ನೋಡ್ರಿ.”

ಸುಶೀಲವ್ವ ಬುಟ್ಟಿಯಿಂದ ಮೀನಾಕ್ಷಿಯ ಫೋನು ತಂದುಕೊಟ್ಟಳು. ಪುಷ್ಪಲತಾ ಗೆಣ್ಣಿನಿಂದಲೇ ಹೆಸರು, ಹುಟ್ಟಿದ ದಿನ ಒತ್ತಿದಳು. ಓಟಿಪಿ ಬಂತು. ಅರ್ಧಚಂದ್ರದಂಥ ಬಣ್ಣದ ಗೆರೆಯೊಂದು ಮೂಡಿ, ಅದರ ಮೇಲೆ ಮುಳ್ಳು ಸರಿದು ಹಸಿರಲ್ಲಿ ನಿಂತಿತು.

“ಏಳ್ನೂರಾ ನಲವತ್ತು.”

“ಯವ್ವಾ!” ಮೀನಾಕ್ಷಿ ಎದ್ದೇ ನಿಂತಳು. “ಎಷ್ಟಕ್ಕ ಏಳ್ನೂರಾ ನಲವತ್ತು?”

“ಒಂಬೈನೂರಕ್ಕ.”

“ಶಾಲ್ಯಾಗ ನೂರಕ್ಕ ಮೂವತ್ತೈದ ಬಂದಿದ್ದಿಲ್ಲ ನಿನಗ,” ಎಂದಳು ಪಕ್ಕದವಳು.

“ಈಗ ಬಂದಾವಲ್ಲಾ! ನಮ್ಮತ್ತಿಗೆ ತೋರಸ್ತೇನಿ ತಡಿ. ಆಕಿ ನನಗ ಒಂದ ಅಂಕಾ ಕೊಟ್ಟಾಕಿ ಅಲ್ಲ.”

ಆಮೇಲೆ ಬುಟ್ಟಿ ಖಾಲಿಯಾಯಿತು. ಒಬ್ಬೊಬ್ಬರದೇ ನೋಡಿದ್ದಾಯಿತು. ಆರುನೂರ ತೊಂಬತ್ತು ಬಂದವಳು, ಸಂಘದ ಕಂತನ್ನು ಗಂಡ ಒಮ್ಮೆ ತಡಮಾಡಿದ್ದು ನೆನಪಾಗಿ, ಅವನನ್ನು ಅಲ್ಲಿಂದಲೇ ಬೈದಳು. ಫಕ್ಕೀರವ್ವನ ಪರದೆಯಲ್ಲಿ ಅಂಕಿಯೇ ಬರಲಿಲ್ಲ.

“ನೀವು ಸಾಲಾನ ಮಾಡಿಲ್ರಿ. ಅದಕ್ಕ ಅಂಕಾನ ಇಲ್ಲ.”

“ಹುಟ್ಟಿದಾಗಿಂದ ಒಬ್ಬರ ಹತ್ರ ಕೈಗಡಾ ಇಸ್ಕೊಂಡಿಲ್ಲ ನಾ,” ಎಂದಳು ಫಕ್ಕೀರವ್ವ ಸಿಟ್ಟಿನಿಂದ. “ನನಗ ಏನೂ ಇಲ್ಲ, ಈಕಿಗೆ ಏಳ್ನೂರಾ? ಇದೆಂಥಾ ನ್ಯಾಯಬೇ?”

ಬೇವಿನ ಕೆಳಗೆ ನಗು ಎದ್ದಿತು. ಪುಷ್ಪಲತಾಳೂ ನಕ್ಕಳು. ನಗುತ್ತಲೇ ಕೇಳಿದಳು, “ನೋಡಿದ್ರ ಇಳೀತದ ಅಂತ ನಿಮಗ ಯಾರ ಹೇಳಿದ್ರು, ಫಕ್ಕೀರವ್ವಾರ?”

“ನನಗ ಈ ಮೀನಾಕ್ಷಿ ಹೇಳಿದ್ಲು.”

“ನನಗ ಸುಶೀಲಕ್ಕ ಹೇಳಿದ್ಲು,” ಎಂದಳು ಮೀನಾಕ್ಷಿ.

ಸಿಮ್ರಾನಳೂ ತಲೆಯಾಡಿಸಿದಳು. ಅವಳಿಗೂ ಸುಶೀಲಚಿಗವ್ವನೇ ಹೇಳಿದ್ದಳು, ಅದೂ ಒಂದಲ್ಲ, ಎರಡು ಮೂರು ಸಲ. ಬ್ಯಾಂಕಿನವರು ಸಾಲ ಕೊಡದೆ ಕಳಿಸಿದ ಮೇಲೂ ಅವಳು ಬಹಳ ಹೆದರಿಯೇ ವರದಿ ತೆರೆದದ್ದು.

ಎಲ್ಲರೂ ಸುಶೀಲವ್ವನ ಕಡೆ ನೋಡಿದರು. ಅವಳು ಗ್ಲಾಸುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು.

“ಚಹಾ ಮುಗೀತಲ್ಲ, ಏಳ್ರಿ,” ಎಂದಳು. “ಮಾಲಕರು ಬರೂ ಹೊತ್ತಾತು.”

ಅದೇ ಹೊತ್ತಿಗೆ ಸಿಮ್ರಾನಳ ಫೋನು ಹಾಡಿತು. ಸುಶೀಲವ್ವ ರೂಢಿಯಂತೆ ಅದನ್ನು ಎತ್ತಿ ಸಿಮ್ರಾನಳ ಕಿವಿಗೆ ಹಿಡಿದಳು. ಆ ಕಡೆಯ ಧ್ವನಿ ದೊಡ್ಡದು. ಪುಷ್ಪಲತಾಳಿಗೂ ಕೇಳಿಸಿತು. ರಾಣೆಬೆನ್ನೂರಿನ ಗಿರಿಯಪ್ಪ, ಖಾರಪುಡಿ ಗಿರಣಿ ಮುಚ್ಚಿ ಮಿಷನ್ನು ಮಾರುತ್ತಿರುವವರು.

“ಏನವಾ, ಸೋಮವಾರದ ಮಟ ನಿಂದ ಮಿಷನ್ನು. ಮಂಗಳವಾರ ಹುಬ್ಬಳ್ಳಿಯವ್ರ ಲಾರಿ ಬರ್ತೈತಿ. ಬ್ಯಾಂಕಿನ ಕಾಗದಾ ಒಂದ ತಂದ್ರ ನಾ ಅವರಿಗೆ ಇಲ್ಲ ಅಂತೇನಿ.”

“ತರ್ತೇನ್ರಿ ಕಾಕಾ,” ಎಂದಳು ಸಿಮ್ರಾನ. “ನನ್ನ ಬಿಟ್ಟ ಯಾರಿಗೂ ಕೊಡಬ್ಯಾಡ್ರಿ.”

ಗೋದಾಮಿನಲ್ಲಿ ಇನ್ನೊಬ್ಬರ ಮೆಣಸಿನಕಾಯಿಗೆ ತೊಟ್ಟು ಮುರಿಯುವುದು ಬಿಟ್ಟು, ತನ್ನದೇ ಗಿರಣಿ ಹಾಕಬೇಕು. ಅದು ಅವಳ ಆಸೆ. ಬಾಗಿಲಿಗೆ ಯಾವ ಬಣ್ಣ ಎಂಬುದನ್ನು ಸಹ ಯೋಚಿಸಿಟ್ಟಿದ್ದಳು. ಬ್ಯಾಂಕಿನ ಮ್ಯಾನೇಜರು ಒಳ್ಳೆಯವರು. ವರದಿಯಲ್ಲಿರುವ ಸ್ಕೂಟರ್ ಸಾಲ ನಿನ್ನದಲ್ಲ ಎಂದು ತಕರಾರು ಹಾಕಿದ ರಸೀದಿ, ಜೊತೆಗೆ ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಪ್ರತಿ ತಂದುಕೊಡು, ನಿನ್ನ ಅರ್ಜಿ ಇನ್ನೂ ಬದುಕಿದೆ ಎಂದು ಬರೆದುಕೊಡುತ್ತೇನೆ ಎಂದಿದ್ದರು. ತಕರಾರು ಹಾಕಿ ಆಗಿತ್ತು. ದೂರಿಗೆ ಮಾತ್ರ ಒಂದು ಹೆಸರು ಬೇಕಾಗಿತ್ತು. ಯಾರ ಮೇಲೆ ಅನುಮಾನ ಎಂದು ಬರೆಯದೆ ಠಾಣೆಯವರು ದೂರು ತೆಗೆದುಕೊಂಡಿರಲಿಲ್ಲ.

ಸುಶೀಲವ್ವ ಫೋನು ಇಳಿಸಿ, ಬುಟ್ಟಿಗೆ ಹಾಕದೆ ಸೆರಗಿನಿಂದ ಒರೆಸುತ್ತಲೇ ನಿಂತಳು. ಪುಷ್ಪಲತಾ ಅದನ್ನು ನೋಡಿದಳು.

“ಸುಶೀಲವ್ವಾರ,” ಎಂದಳು ಮೆಲ್ಲಗೆ. “ಸಂಜೀಕ ಸಿಮ್ರಾನಳ ಮನಿಗೆ ಬರ್ತೀರೇನು? ನಾಕ ಮಂದ್ಯಾಗ ಬ್ಯಾಡ. ಅಲ್ಲೇ ಮಾತಾಡೂಣು.”

* * *

ಸಿಮ್ರಾನಳ ಮನೆ ಎರಡು ಕೋಣೆಯದು. ಮುಂದಿನ ಕೋಣೆಯಲ್ಲೇ ಗೋಡೆಗೆ ಹತ್ತಿ ಒಲೆ. ಅವಳ ತಾಯಿ ಜೈತೂನಬಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಂದವರು ಯಾರು, ಯಾಕೆ ಎಂದು ಕೇಳುವ ಮೊದಲೇ ತಾಟು ಹಾಕಿದಳು.

“ಮೊದ್ಲ ಉಣ್ರಿ. ಬದನಿಕಾಯಿ ಎಣ್ಣಿಗಾಯಿ ಮಾಡೇನಿ. ಮಾತು ಎಲ್ಲಿ ಓಡಿ ಹೋಗ್ತಾವು?”

ರೊಟ್ಟಿ ತೆಳ್ಳಗೆ, ಬಿಸಿಯಾಗಿತ್ತು. ಮೂವರೂ ಉಂಡರು. ಸಿಮ್ರಾನಳ ಬೆರಳು ಇನ್ನೂ ಕೆಂಪಗಿತ್ತು. ಅದಕ್ಕೆ ಬಾಯಿಂದ ಗಾಳಿ ಊದಿಕೊಳ್ಳುತ್ತ ತುತ್ತು ಮುರಿದಳು. ಪುಷ್ಪಲತಾಳ ಕಣ್ಣು ಗೂಡಿನ ಮೇಲಿದ್ದ ಕಪ್ಪು ಕನ್ನಡಕದ ಮೇಲೆ ಹೋಯಿತು.

“ಇದು ಅಮ್ಮಿದ್ರಿ,” ಎಂದಳು ಸಿಮ್ರಾನ. “ಕಣ್ಣಿಗೆ ಪರಿ ಬಂದಿತ್ತು. ಸಂಕ್ರಮಣದ ಮುಂಚೆ ಹಾವೇರ್ಯಾಗ ಎರಡೂ ಕಣ್ಣಿಂದು ಆಪರೇಶನ್ ಮಾಡಿಸೀವಿ. ಈಗ ಸೂಜಿಗೆ ದಾರಾ ಹಾಕ್ತಾಳ.”

“ಎಲ್ಲಿ ಹಾಕ್ತೇನಿ?” ಎಂದಳು ಜೈತೂನಬಿ ಒಲೆಯ ಕಡೆಯಿಂದಲೇ. “ಈಕಿ ಹೊರಗ ಬಿಟ್ರ ಹೌದಲ್ಲ. ಬಿಸಲಿಗೆ ಹೋಗಬ್ಯಾಡ, ಬಸ್ಸ ಹತ್ತಬ್ಯಾಡ, ಧೂಳಿಗೆ ಹೋಗಬ್ಯಾಡ. ಡಾಕ್ಟ್ರು ಹದಿನೈದ ದಿನಾ ಅಂದ್ರ, ಈಕಿ ಎರಡ ತಿಂಗಳಾ ಕಟ್ಟಿ ಹಾಕ್ಯಾಳ ನನ್ನ.”

“ಕಟ್ಟಿ ಹಾಕದ ಇದ್ರ ನೀ ಊರೂರ ತಿರಗ್ತಿದ್ದಿ.”

ತಾಯಿ ಮಗಳು ನಕ್ಕರು. ಸುಶೀಲವ್ವ ನಗಲಿಲ್ಲ. ತಾಟು ಬದಿಗಿಟ್ಟು ಕೈ ತೊಳೆದುಕೊಂಡಳು.

“ಕೇಳವಾ, ಏನ್ ಕೇಳ್ತಿ,” ಎಂದಳು.

“ನಾ ಸಿಮ್ರಾನಳ ಅಕ್ಕ ಅಲ್ರಿ,” ಎಂದಳು ಪುಷ್ಪಲತಾ.

“ಅದು ಮುಂಜಾನೀನ ಗೊತ್ತಾತು. ಬ್ಯಾಡಗ್ಯಾಗ ಬಳಗ ಇದ್ದಾಕಿ ತೊಟ್ಟು ಹಂಗ ಮುರಿಯೂದಿಲ್ಲ. ಅರ್ಧಾ ಕಾಯಿ ತೊಟ್ಟಿಗೇ ಹೋಗಾಕತ್ತಿತ್ತು.”

“ನಾ ಹಾವೇರ್ಯಾಗ ಪತ್ತೇದಾರಿ ಕೆಲಸಾ ಮಾಡ್ತೇನಿ. ಸಿಮ್ರಾನಳ ಹೆಸರಿಗೆ ಯಾರೋ ಸ್ಕೂಟರ್ ತೊಗೊಂಡಾರ. ಆಧಾರ್ ಕಾರ್ಡಿನ ಪ್ರತಿ, ಫೋಟೋ ಎಲ್ಲಾ ಈಕೀದ. ಓಟಿಪಿ ಈಕಿ ಫೋನಿಗೇ ಬಂದೈತಿ. ಆವಾಗ ಈಕಿ ಗೋದಾಮಿನ್ಯಾಗ ಇದ್ಲು, ಫೋನು ಬುಟ್ಟಿಯೊಳಗ ಇತ್ತು.”

ಸುಶೀಲವ್ವ ನೆಲ ನೋಡುತ್ತಿದ್ದಳು.

“ಇನ್ನೊಂದೈತಿ,” ಎಂದಳು ಪುಷ್ಪಲತಾ. “ಕಳ್ಳರು ಸಾಲಾ ತೊಗೊಂಡ್ರ ಕಂತು ಕಟ್ಟೂದಿಲ್ಲ. ಇದರಾಗ ಕಂತು ತಪ್ಪದ ಕಟ್ಯಾರ. ನಿನ್ನೆ ಶೋರೂಮಿನ ಗುಮಾಸ್ತರು ಹೇಳಿದ್ರು. ತಿಂಗಳಾ ಒಬ್ಬ ಹಿರೇ ಹೆಣ್ಣಮಗಳು ಬಿಸಲಿಗೆ ಸೆರಗ ಮುಸುಕ ಹಾಕ್ಕೊಂಡ ಬರ್ತಾಳಂತ. ಕಿಟಕ್ಯಾಗ ರೊಕ್ಕಾ ಕಟ್ಟಿ, ನೀರ ಕುಡದು, ಪ್ರತಿ ಸಲ ಒಂದ ಮಾತ ಕೇಳ್ತಾಳಂತ. ‘ಹುಡುಗಿ ಸ್ಕೋರಿಗೆ ಏನೂ ಆಗೂದಿಲ್ಲಲ್ರಿ?’ ಅಂತ.”

ಸಿಮ್ರಾನ ತಲೆ ಎತ್ತಿದಳು. ಈ ಮಾತು ಅವಳೂ ಈಗಲೇ ಕೇಳುತ್ತಿದ್ದದ್ದು.

“ಎರಡ ತಿಂಗಳಿಂದ ಆಕಿ ಬಂದಿಲ್ಲ. ಕಂತು ನಿಂತಾವು. ಸ್ಕೋರು ಬಿತ್ತು. ಬ್ಯಾಂಕಿನವ್ರು ಒಲ್ಲೆ ಅಂದ್ರು.” ಪುಷ್ಪಲತಾ ಧ್ವನಿ ಏರಿಸಲಿಲ್ಲ. “ಸಿಮ್ರಾನ ವರದಿ ನೋಡಬಾರದು ಅಂತ ಯಾರಿಗೋ ಬೇಕಾಗಿತ್ತು. ಒಬ್ಬಾಕೀಗೆ ಹೇಳಿದ್ರ ಸಂಶೆ ಬರ್ತದ. ಅದಕ್ಕ ಗೋದಾಮಿಗೆ ಗೋದಾಮನ ಹೆದರೂ ಹಂಗ ಮಾತು ಹಬ್ಬಿಸಿದ್ರು. ಆ ಮಾತು ಹಿಂದಕ ಹೋದ್ರ ನಿಮ್ಮ ಕಡೆ ಬಂದ ನಿಲ್ತದ. ಬುಟ್ಟೀನೂ ನಿಮ್ಮ ಕಡೇನ ಬಂದ ನಿಲ್ತದ.”

“ಚಿಗವ್ವ ಹಂಗ ಮಾಡಾಕಿ ಅಲ್ರಿ,” ಎಂದಳು ಸಿಮ್ರಾನ. “ನಾ ಹುಟ್ಟಿದಾಗ ಮೊದ್ಲ ಎತ್ಕೊಂಡಾಕಿ ಆಕೀನ.”

ರೊಟ್ಟಿ ಬಡಿಯುವ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಸುಶೀಲವ್ವ ಸೆರಗು ಸರಿಮಾಡಿಕೊಂಡಳು. “ಹೂಂ,” ಎಂದಳು. “ನಾನ ಮಾಡೇನಿ. ಬರ್ಕೋ ನನ್ನ ಹೆಸರು.”

ಸಿಮ್ರಾನ ಬೆಚ್ಚಿದವಳಂತೆ ಅವಳ ಮುಖ ನೋಡಿದಳು. ಪುಷ್ಪಲತಾ ಚೀಲದಿಂದ ದೂರಿನ ಅರ್ಜಿ ತೆಗೆದಳು. ಪೆನ್ನು ತೆಗೆದಳು. ಬರೆಯಲಿಲ್ಲ.

“ಗಾಡಿ ಯಾವ ಬಣ್ಣದ್ರಿ?”

“ಆಂ?”

“ಸ್ಕೂಟರು. ಯಾವ ಬಣ್ಣ ಐತಿ?”

“ಕರೇದು.”

“ನೀಲಿ ಐತ್ರಿ.”

“ಹೌದು, ನೀಲಿ. ಕರೇ ಕಂಡಂಗ ಕಾಣ್ತೈತಿ, ಅಂಥಾ ನೀಲಿ.”

“ಆಕಾಶದಂಥಾ ತಿಳಿ ನೀಲಿ.”

“ನನಗ ವಯಸ್ಸಾತವಾ. ಬಣ್ಣಾ ಗಿಣ್ಣಾ ಎಲ್ಲಿ ನೆನಪ ಇರ್ತಾವು? ಮಾಡೇನಿ ಅಂದೆನಲ್ಲ, ಬರ್ಕೊಂಡ ಹೋಗು. ಈ ಹುಡುಗಿ ಮಿಷನ್ನ ಈಕೀಗೆ ಬರ್ಲಿ.”

“ನಿಮ್ಮ ಹೆಸರ ಬರದ್ರ ನಿಮ್ಮನ್ನ ಠಾಣೆಕ ಕರಸ್ತಾರ್ರಿ.”

“ಕರಸ್ಲಿ. ಅಲ್ಲೂ ಚಹಾ ಮಾಡಾಕ ಒಬ್ಬಾಕಿ ಬೇಕಾಗಿರ್ತಾಳ.”

ಪುಷ್ಪಲತಾಳಿಗೆ ನಗು ಬಂತು. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ. ಆದರೆ ಒಬ್ಬ ಹೆಂಗಸು ತಾನು ಮಾಡದ ತಪ್ಪನ್ನು ಇಷ್ಟು ಸಲೀಸಾಗಿ ಮೈಮೇಲೆ ಎಳೆದುಕೊಳ್ಳಬೇಕಾದರೆ, ಮಾಡಿದವರು ಅವಳಿಗೆ ಬೇಕಾದವರೇ ಆಗಿರಬೇಕು. ಯಾರು?

“ಸಾಲಾ ಯಾವಾಗ ತೊಗೊಂಡ್ರಿ, ಅದಾದ್ರೂ ಹೇಳ್ರಿ,” ಎಂದಳು.

“ಹೋದ ವರ್ಷ.”

“ಹೋದ ವರ್ಷ ಯಾವಾಗ?”

ಸುಶೀಲವ್ವ ಮತ್ತೊಮ್ಮೆ ಕೈ ತೊಳೆಯಲು ತಂಬಿಗೆ ಎಳೆದುಕೊಂಡಳು.

“ಹೋದ ವರ್ಷ ಶಿವರಾತ್ರಿ ಆದ ಮರುವಾರ,” ಎಂದಳು ಪುಷ್ಪಲತಾ. “ವರದ್ಯಾಗ ತಾರೀಖು ಐತಿ.”

ಸಿಮ್ರಾನಳ ಮುಖ ಒಮ್ಮೆಗೇ ಅರಳಿತು. ಅವಳು ಎರಡೂ ಕೈ ತಟ್ಟಿದಳು.

“ನೋಡ್ರಿ ಮತ್ತ! ನಾ ಹೇಳಿದ್ದಿಲ್ಲೇನು? ಆವಾಗ ಚಿಗವ್ವ ಊರಾಗ ಇರಲಿಲ್ರಿ! ಹೊಸರಿತ್ತಿಗೆ ಹೋಗಿದ್ಲು, ಮಗಳ ಬಾಣಂತನಕ್ಕ. ನಾವೆಲ್ಲಾ ಸೇರಿ ಕೂಸಿಗೆ ಕುಂಚಗಿ ಹೊಲಿಸಿ ಕಳಿಸಿದ್ವಿ. ಕೆಂಪು ಕುಂಚಗಿ. ಮೀನಾಕ್ಷಿನ್ನ ಕೇಳ್ರಿ ಬೇಕಾದ್ರ.”

“ಸುಮ್ಕಿರಬೇ,” ಎಂದಳು ಸುಶೀಲವ್ವ.

“ನಾ ಯಾಕ ಸುಮ್ಮನಿರ್ಲಿ? ನೀ ಯಾಕ ಸುಳ್ಳ ಹೇಳ್ತಿ? ಪುಷ್ಪಕ್ಕಾರ, ಒಂದ ತಿಂಗಳಾ ಚಿಗವ್ವ ಬುಟ್ಟೀನ ಮುಟ್ಟಿಲ್ರಿ. ಆಕಿ ಬರೂ ಮಟಾ ಚಹಾ ಮಾಡಿದಾಕಿ, ನಮ್ಮ ಫೋನ್ ಹಿಡದಾಕಿ ಬ್ಯಾರೇನ…”

“ಸಿಮ್ರಾನಾ, ಸಾಕು.”

“ಕಣ್ಣಿಗೆ ಪರಿ ಬಂದ ತೊಟ್ಟ ಕಾಣೂದಿಲ್ಲ ಅಂತ ಹೇಳಿ, ಮಾಲಕರು ಆ ಕೆಲಸಾ…”

ಅವಳ ಮಾತು ಅಲ್ಲಿಗೇ ನಿಂತಿತು. ತಟ್ಟಿದ ಕೈಗಳು ಒಂದಕ್ಕೊಂದು ಹತ್ತಿಕೊಂಡೇ ಉಳಿದವು.

ಇದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೋದಾಮಿನ ಎಲ್ಲರಿಗೂ ಗೊತ್ತಿದ್ದದ್ದೇ. ನಿನ್ನ ಫೋನು ಮುಟ್ಟುವವರು ಯಾರು ಎಂದು ಪುಷ್ಪಲತಾ ಕೇಳಿದಾಗ ಅವಳು ಯಾರನ್ನೂ ಮುಚ್ಚಿಟ್ಟಿರಲಿಲ್ಲ. ಸುಶೀಲಚಿಗವ್ವನ ಹೆಸರನ್ನೇ ಲೆಕ್ಕಕ್ಕೆ ಹಿಡಿಯದವಳು, ತನಗೆ ರೊಟ್ಟಿ ಬಡಿಯುವ ಈ ಕೈಯನ್ನು ಹೇಗೆ ಲೆಕ್ಕ ಹಾಕಿಯಾಳು?

ಪುಷ್ಪಲತಾಳಿಗೆ ಉಳಿದದ್ದು ತಾನಾಗಿಯೇ ಕೂಡಿಬಂತು. ಮನೆಯ ಪೆಟ್ಟಿಗೆಯಲ್ಲಿ ಆಧಾರ್ ಕಾರ್ಡು, ಫೋಟೋ. ಸಂಕ್ರಮಣದ ಮುಂಚೆ ಕಣ್ಣಿನ ಆಪರೇಶನ್ನು. ಆಮೇಲೆ ಎರಡು ತಿಂಗಳು ಬಸ್ಸು ಹತ್ತಲು ಬಿಡದ ಮಗಳು. ರಾಣೆಬೆನ್ನೂರಿನ ಕಿಟಕಿಗೆ ಯಾರೂ ಬಾರದ ಎರಡು ತಿಂಗಳು.

“ಸ್ಕೋರು ನೋಡಬಾರದು ಅಂತ ನಿಮಗ ಹೇಳಿದಾಕಿ…” ಎಂದಳು ಸುಶೀಲವ್ವನಿಗೆ.

“ನನ್ನ ಬಾಯಾಗ ಬರಿಸಬ್ಯಾಡವಾ,” ಎಂದಳು ಸುಶೀಲವ್ವ. ಅವಳ ಕಣ್ಣು ತುಂಬಿತ್ತು. “ಇಪ್ಪತ್ತ ವರ್ಷದಾಗ ಆಕಿ ನನ್ನ ಹತ್ರ ಒಂದ ಮಾತ ಕೇಳಿದ್ಲು. ಹುಡುಗೀರಿಗೆ ಹಿಂಗಂತ ಹೇಳು, ಯಾಕಂತ ಕೇಳಬ್ಯಾಡ ಅಂದ್ಲು. ನಾ ಕೇಳಲಿಲ್ಲ.”

ಒಲೆಯ ಮುಂದೆ ಜೈತೂನಬಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡಿದ್ದಳು. ಅದನ್ನು ಬಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

ದೂರಿನ ಅರ್ಜಿ ಪುಷ್ಪಲತಾಳ ತೊಡೆಯ ಮೇಲಿತ್ತು. ಹೆಸರಿನ ಜಾಗ ಖಾಲಿ. ಅಲ್ಲಿ ಹೆಸರು ಬರೆದರೆ ಸೋಮವಾರ ಬ್ಯಾಂಕಿನ ಕಾಗದ ಸಿಗುತ್ತದೆ, ಮಂಗಳವಾರ ಹುಬ್ಬಳ್ಳಿಯ ಲಾರಿ ಖಾಲಿ ಹಿಂದಿರುಗುತ್ತದೆ. ಬರೆಯದಿದ್ದರೆ ಮಿಷನ್ನು ಹೋಗುತ್ತದೆ. ಈ ಮನೆಯಲ್ಲಿ ಸೈಕಲ್ಲು ಸಹ ಇಲ್ಲ. ಆಕಾಶದ ಬಣ್ಣದ ಆ ಸ್ಕೂಟರನ್ನು ಒಂದು ವರ್ಷದಿಂದ ಯಾರೋ ಓಡಿಸುತ್ತಿದ್ದಾರೆ. ಅವರಿಗಾಗಿ ಈ ಹೆಂಗಸು ತಿಂಗಳು ತಿಂಗಳು ಮುಸುಕು ಹಾಕಿಕೊಂಡು ರಾಣೆಬೆನ್ನೂರಿಗೆ ಹೋಗಿ ಬಂದಿದ್ದಾಳೆ.

ಪುಷ್ಪಲತಾ ಪೆನ್ನಿನ ಮುಚ್ಚಳ ಹಾಕಿದಳು. ಈಗ ಕೇಳಬೇಕಾದವಳು ತಾನಲ್ಲ.

ಸಿಮ್ರಾನ ಮಂಡಿಯೂರಿ ಒಲೆಯ ಕಡೆ ಸರಿದಳು. ತಾಯಿಯ ಭುಜ ಮುಟ್ಟಲು ಕೈ ಚಾಚಿದವಳು ಮುಟ್ಟಲಿಲ್ಲ.

“ಅಮ್ಮೀ,” ಎಂದಳು. “ನಾ ಸಿಟ್ಟ ಆಗೂದಿಲ್ಲ. ಗಾಡಿ ಯಾರಿಗೆ ಕೊಟ್ಟೀದಿ, ಅಷ್ಟ ಹೇಳು.”